ಮಗನ ದಿಬ್ಬಣಕ್ಕೆ ನನ್ನ ಸಿಂಫನಿ

"ನನ್ನ ಮಗನ ದಿಬ್ಬಣದಲ್ಲಿ ಸಿನಿಮಾ ಹಾಡು ಊದಿದರೆ ನನ್ನ ಹೆಸರು ರತ್ನಾಕರನೇ ಅಲ್ಲ!"

ನಾಸಿಕದ ನಮ್ಮ ಹೋಟೆಲಿನಲ್ಲಿ ನಾನು ಹೀಗೆ ಘೋಷಿಸಿದಾಗ ದೋಸೆ ಮಗುಚುವವನು ಸಟ್ಟುಗ ಹಿಡಿದುಕೊಂಡೇ ತಿರುಗಿ ನೋಡಿದ. ಗಲ್ಲಾದಲ್ಲಿದ್ದ ಹೆಂಡತಿ ಗುಣವತಿ ಮಾತ್ರ ತಲೆ ಎತ್ತಲಿಲ್ಲ.

"ಮತ್ತೆಂತ ಊದ್ತಾರೆ? ರಾಷ್ಟ್ರಗೀತೆಯಾ?"

"ಸಿಂಫನಿ! ಜರ್ಮನಿಯ ಮಹಾನುಭಾವನೊಬ್ಬನ ಸಿಂಫನಿ!"

ಆ ಮಹಾನುಭಾವನ ಹೆಸರು ಹೇಳುತ್ತಿಲ್ಲ, ಕ್ಷಮಿಸಿ. ಅವನ ಆತ್ಮವಾದರೂ ಶಾಂತಿಯಿಂದಿರಲಿ! ಇಂಗ್ಲೆಂಡಿನ ಗಣಿ ಕೆಲಸಗಾರರ ಬ್ಯಾಂಡೊಂದು ಇಡೀ ಆರ್ಕೆಸ್ಟ್ರಾ ನುಡಿಸಬೇಕಾದ್ದನ್ನು ಬರೀ ಹಿತ್ತಾಳೆ ವಾದ್ಯಗಳಲ್ಲಿ ಊದುವುದನ್ನು ಫೋನಿನಲ್ಲಿ ನೋಡಿದಂದಿನಿಂದ ನನ್ನ ತಲೆ ನೆಟ್ಟಗಿರಲಿಲ್ಲ. ಅವರಿಗೆ ಆದದ್ದು ನಮಗೆ ಆಗದೇ?

"ಎಂತದಾದ್ರೂ ಊದಿಸಿ. ಮುಹೂರ್ತ ತಪ್ಪಿದ್ರೆ ಬೀಗರಿಗೆ ನೀವೇ ಉತ್ತರ ಹೇಳಿ ಮಾರಾಯ್ರೇ," ಎಂದಳು ಗುಣವತಿ.

ಅದೊಂದು ಭಯ ನನಗೂ ಇತ್ತು. ಸಂಭಾಜಿನಗರದಲ್ಲಿ ಹೋಟೆಲು ನಡೆಸುವ ನಮ್ಮ ಬೀಗರು ಯತಿರಾಜ್ ಗಡಿಯಾರವನ್ನೇ ಕುಲದೇವರೆಂದು ನಂಬಿದವರು. "ಮುಹೂರ್ತ ಮೀರಿದ್ರೆ ನಾನು ಧಾರೆ ಎರೆಯುವವನಲ್ಲ. ಮಗಳನ್ನು ಕರ್ಕೊಂಡು ವಾಪಸ್ ಹೋಗ್ತೇನೆ," ಎಂದು ನಿಶ್ಚಿತಾರ್ಥದ ದಿನವೇ ನಗದೆ ಹೇಳಿದ್ದರು.

ಬ್ಯಾಂಡ್ ಮಾಸ್ತರ ಚಂದ್ರಾಮಪ್ಪ ಕಲಬುರಗಿ ಕಡೆಯವರು. ಹೊಗಳಿದರೆ ಯೂನಿಫಾರ್ಮಿನ ಗುಂಡಿ ಕಿತ್ತು ಬರುವಷ್ಟು ಎದೆ ಉಬ್ಬಿಸುವ ಮನುಷ್ಯ.

"ಮಾಸ್ತರ್ರೇ, ಇಡೀ ಮಹಾರಾಷ್ಟ್ರದಲ್ಲಿ ಇದು ನಿಮ್ಮೊಬ್ಬರಿಂದಲೇ ಸಾಧ್ಯ," ಎಂದೆ.

"ನಾನೂ ಹಂಗs ಅನ್ಕೊಂಡೀನ್ರಿ!"

ತಾಲೀಮು ಶುರುವಾಯಿತು. ಪಿಟೀಲುಗಳ ಪಾಲನ್ನು ಕ್ಲ್ಯಾರಿನೆಟ್ಟಿಗೆ ಕೊಟ್ಟೆ. ದೊಡ್ಡ ಪಿಟೀಲಿನದನ್ನು ಯುಫೋನಿಯಮ್ ಎಂಬ ದಪ್ಪ ದನಿಯ ಹಿತ್ತಾಳೆ ವಾದ್ಯಕ್ಕೆ ಹೊರಿಸಿದೆ. ಕೊಳಲಿನಲ್ಲಿ ಹಕ್ಕಿ ಕೂಗುವ ಜಾಗವೊಂದಿತ್ತು, ಅದನ್ನು ಟ್ರಂಪೆಟ್ಟಿಗೆ ಹಾಕಿದೆ. ಹಕ್ಕಿಗೆ ನೆಗಡಿಯಾದಂತೆ ಕೇಳಿಸಿತು, ನಿಜ. ಆದರೆ ಅನಾನಸ್ ಸಿಗದ ದಿನ ಬಾಳೆಹಣ್ಣು ಹಾಕಿ ಶಿರಾ ಮಾಡುವ ನನಗೆ ಇದೇನು ದೊಡ್ಡದು!

ಮಧ್ಯೆ ಒಂದು ಕಡೆ ಎಲ್ಲ ವಾದ್ಯಗಳೂ ಥಟ್ಟನೆ ನಿಂತು ಪೂರಾ ನಿಶ್ಶಬ್ದವಾಗಬೇಕಿತ್ತು. ಅಲ್ಲಿ ಚಂದ್ರಾಮಪ್ಪ ತಲೆ ಕೆರೆದರು.

"ಸಾಹೇಬ್ರ, ವರಾತ್‌ನ್ಯಾಗ ಬ್ಯಾಂಡ್ ನಿಂತ್ರ ಮಂಟಪ ಬಂತು ಅಂತ ಅರ್ಥರಿ. ಮದುಮಗ ಕುದುರಿ ಇಳದs ಬಿಡ್ತಾನ. ಒಂದಿಷ್ಟು ಢೋಲ್ ಬಾರಿಸಿ ತುಂಬಿಸೂಣೇನ್ರಿ?"

"ಮುಟ್ಟಬೇಡಿ! ಇಡೀ ಕೃತಿಯ ಜೀವ ಆ ಮೌನದಲ್ಲಿದೆ! ನಾನು ಕೈ ಬೀಸುವ ತನಕ ಒಬ್ಬರೂ ಊದಕೂಡದು!"

ಮದುವೆಯ ದಿನ ಬಂತು. ಮಾರುತಿ ಗುಡಿಯಿಂದ ದಿಬ್ಬಣ ಹೊರಟಿತು. ಕುದುರೆಯ ಮೇಲೆ ಮಗ ರಾಕೇಶ, ಮುಖದ ತುಂಬ ಹೂವಿನ ತೆರೆ. ಮುಂದೆ ಬ್ಯಾಂಡು. ಅದರ ಮುಂದೆ ಕೊಡೆ ಹಿಡಿದು ತಾಳ ಹಾಕುತ್ತ, ಹಿಮ್ಮುಖವಾಗಿ ನಡೆಯುತ್ತಿದ್ದ ನಾನು!

ಮೊದಲ ಭಾಗಕ್ಕೆ ಕುದುರೆ ಯಾವ ಕಾಲು ಮೊದಲು ಎತ್ತಬೇಕೆಂದು ತಿಳಿಯದೆ ಒದ್ದಾಡಿತು. ಎರಡನೆಯದು ನಿಧಾನದ ಭಾಗ. ದಿಬ್ಬಣದ ಕಾಲುಗಳು ಬ್ಯಾಂಡಿನ ಮಾತು ಕೇಳುತ್ತವೆ, ಎಲ್ಲರೂ ತೆವಳತೊಡಗಿದರು. ಹಿಂದೆ ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳ ಸಾಲು ನಿಂತಿತು. ಸ್ಕೂಟರಿನವನೊಬ್ಬ ಇಳಿದು, ಚಪ್ಪಲಿ ಬಿಟ್ಟು, ಭಕ್ತಿಯಿಂದ ಕೈ ಮುಗಿದ. ಕುದುರೆಯ ಮೇಲೆ ಮದುಮಗನನ್ನು ಕಂಡದ್ದೇ ಗಾಬರಿಯಾಗಿ ಚಪ್ಪಲಿ ಅಲ್ಲೇ ಬಿಟ್ಟು ಓಡಿದ!

"ಇದೆಂತ, ಯಾರಾದ್ರೂ ತೀರಿಕೊಂಡ್ರಾ?" ಗುಣವತಿ ಹಿಂದಿನಿಂದ ಕೂಗಿದಳು. "ಗಂಟೆ ನೋಡಿ!"

"ಇನ್ನು ಜೋರಿನ ಭಾಗ ಬರ್ತದೆ, ತಾಳ್ಮೆ!"

ಜೋರಿನ ಭಾಗ ಬಂತು. ಕೊಡೆ ಬೀಸಿದೆ. ಎಲ್ಲ ವಾದ್ಯಗಳೂ ಒಟ್ಟಿಗೆ ಅಬ್ಬರಿಸಿದವು, ಒಟ್ಟಿಗೆ ನಿಂತವು. ಆಹಾ, ಮೌನ! ಆನಂದದಲ್ಲಿ ಕಣ್ಣು ಮುಚ್ಚಿ ಮೈಮರೆತೆ. ಕಣ್ಣು ತೆರೆದಾಗ ಕುದುರೆ ಇತ್ತು, ಮದುಮಗ ಇರಲಿಲ್ಲ!

ಬ್ಯಾಂಡು ನಿಂತದ್ದು ಸರಿಯಾಗಿ ಬೇರೆ ಯಾರದೋ ಮದುವೆಮನೆಯ ಮುಂದೆ. ಗಂಗಾಪುರ ರಸ್ತೆಯಲ್ಲಿ ಒಂದರ ಪಕ್ಕ ಒಂದು ಲಾನ್ಸ್ ಎಂಬ ಬಯಲು ಮದುವೆ ಮಂಟಪಗಳಿವೆ, ಹೂವಿನ ಕಮಾನುಗಳೂ ಒಂದೇ ತರ. ತಮ್ಮ ವರನಿಗಾಗಿ ಕಾದು ಸುಸ್ತಾಗಿದ್ದ ಅಲ್ಲಿಯ ಹೆಂಗಸರು ಹೂವಿನ ತೆರೆಯಲ್ಲಿ ಮುಖವೇ ಕಾಣದ ರಾಕೇಶನಿಗೆ ಆರತಿ ಎತ್ತಿ, ಕಾಲಿಗೆ ನೀರು ಹಾಕಿ, ಒಳಗೆ ಸಾಗಿಸಿಯೇ ಬಿಟ್ಟಿದ್ದರು. ನಾನು ಓಡಿದೆ. ವೇದಿಕೆಯ ಮೇಲೆ ಆಗಲೇ ಅಂತರಪಟ ಹಿಡಿದಿದ್ದರು. ವಧು ಅದರ ಮೇಲಿಂದ ಇಣುಕಿ, "ಬಾಬಾ, ಹಾ ಕೋಣ್?" ಎಂದು ಕಿರುಚಿದಳು. ಇವನ್ಯಾರಪ್ಪ ಅಂತ!

"ರಾಕೇಶಾ, ಇಳಿಯೋ!"

"ಪಪ್ಪಾ, ಬ್ಯಾಂಡ್ ನಿಂತಿತ್ತು ನಾ! ಮೈಂ ಉತರ್ ಗಯಾ, ಇಳಿದುಬಿಟ್ಟೆ!"

ಆ ಹುಡುಗಿಯ ಅಪ್ಪ ಶ್ರೀಮಂತರಾವ್ ಕಳ್ಳನನ್ನು ಹಿಡಿದಂತೆ ರಾಕೇಶನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದರು. ಎಷ್ಟೋ ವರ್ಷ ಗಿರಾಕಿಗಳೊಡನೆ ಮಾತಾಡಿದ ಮರಾಠಿ ಆ ಗಳಿಗೆಯಲ್ಲಿ ನನ್ನ ಬಾಯಿಗೆ ಬರಲಿಲ್ಲ. "ಪಾರ್ಸೆಲ್, ಪಾರ್ಸೆಲ್" ಎಂದಷ್ಟೇ ಬಡಬಡಿಸಿದೆ! ಹೊರಗೆ ಬ್ಯಾಂಡಿನವರು ನಾನು ಕೈ ಬೀಸಿಲ್ಲವೆಂದು ಕೆನ್ನೆ ಉಬ್ಬಿಸಿಕೊಂಡು ಹಾಗೇ ನಿಂತಿದ್ದರು. ಯತಿರಾಜ್ ಮಗಳನ್ನು ಕಾರಿಗೆ ಹತ್ತಿಸುವ ದೃಶ್ಯ ಕಣ್ಣಮುಂದೆ ಬಂದು, ನಿಜ ಹೇಳುತ್ತೇನೆ, ನನಗೆ ಅಳು ಬಂತು.

ಆಗ ಕೇಳಿಸಿತು ಗುಣವತಿಯ ಗರ್ಜನೆ. "ಮಾಸ್ತರ್ರೇ! ಹಾವಿನ ಡ್ಯಾನ್ಸಿಂದು ಊದಿ!"

"ಅವ್ವಾರs, ಸಾಹೇಬ್ರು ಬೈತಾರ್ರಿ!"

"ಸಾಹೇಬ್ರಿಗೆ ನಾನು ಬೈತೇನೆ. ಊದಿ!"

ಊದಿದರು! ಕುದುರೆ ಎರಡು ಕಾಲಿನಲ್ಲಿ ಕುಣಿಯಿತು. ವೇದಿಕೆಯ ಮೇಲೆ ರಾಕೇಶನ ಹೆಗಲು ತಾನಾಗಿ ಅಲುಗಿತು. ಕೈ ಬಿಡಿಸಿಕೊಂಡು ಕುಣಿಯುತ್ತ ಹೊರಬಂದ. ಅವನ ಹಿಂದೆ ಕರವಸ್ತ್ರವನ್ನು ಹಲ್ಲಿನಲ್ಲಿ ಕಚ್ಚಿ ಕುಣಿಯುತ್ತ ಬಂದವರು ಸಾಕ್ಷಾತ್ ಶ್ರೀಮಂತರಾವ್! ದಿಬ್ಬಣ ಹಾರಿಕೊಂಡೇ ನಮ್ಮ ಮಂಟಪ ಮುಟ್ಟಿತು. ತೆರೆದ ಗೇಟಿನಲ್ಲಿ ಯತಿರಾಜ್ ಗಡಿಯಾರ ನೋಡಿ, "ಎರಡು ನಿಮಿಷ ಉಂಟು, ಬನ್ನಿ," ಎಂದರು. ನನಗೆ ಹೋದ ಜೀವ ಬಂತು.

ಧಾರೆ ಮುಗಿಯಿತು, ಊಟಕ್ಕೆ ಕೂತೆವು. ಜೀವ ಬಂದ ಮೇಲೆ ಹುಚ್ಚು ಬಾರದೇ ಇರುತ್ತದೆಯೇ? ಬೀಗರ ಎಲೆಗೆ ಹೋಳಿಗೆ ಬಡಿಸಿ ಮೆಲ್ಲಗೆ ಕೇಳಿದೆ: "ಆ ಹಾವಿನ ಹಾಡಿಗಿಂತ ಮುಂಚೆ ದೂರದಿಂದ ಒಂದು ಸಂಗೀತ ಕೇಳಿಸ್ತಲ್ಲ, ಹೇಗಿತ್ತು?"

"ಹೋ, ಅದು ನಿಮ್ದಾ?" ಯತಿರಾಜ್ ಕಣ್ಣರಳಿಸಿದರು. "ಯಾರದೋ ಹೆಣ ಬರ್ತಾ ಉಂಟು ಅಂತ ನಾನು ಗೇಟು ಹಾಕಿಸಿದ್ದೆ ಮಾರಾಯ್ರೇ! ಮಧ್ಯೆ ಒಮ್ಮೆ ಪೂರಾ ನಿಂತಿತಲ್ಲ, ದಾಟಿ ಹೋಯ್ತು ಅಂತ ಆಗ ತೆಗೆಸಿದೆ. ಅದೊಂದು ಜಾಗ ಮಾತ್ರ ಭಾರೀ ಲಾಯ್ಕಿತ್ತು!"