ಒಂದು ಗೇಣು ಎತ್ತರದ ಪಿಕಪ್ಪು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದೇ ಒಂದು ಗೇಣು. ಹಿರೇಕೆರೂರಿನ ಉಡಚಪ್ಪನ ಪಿಕಪ್ಪು ನಿನ್ನೆಯವರೆಗೆ ಇದ್ದುದಕ್ಕಿಂತ ಒಂದು ಗೇಣು ಎತ್ತರವಾಗಿ ಮನೆಗೆ ಬಂದಿತ್ತು.

ಎತ್ತರ ಮಾಡಿಸಿದವನೂ ಅವನೇ ಅನ್ನಿ. ಗೋವಿನಜೋಳ ಒಕ್ಕುವ ಮಷಿನ್ನನ್ನು ಪಿಕಪ್ಪಿನ ಹಿಂದೆ ಕಟ್ಟಿಕೊಂಡು ಕಣದಿಂದ ಕಣಕ್ಕೆ ಎಳೆದೊಯ್ಯುವುದು ಅವನ ಕಸುಬು. ಹೋದ ವರ್ಷ ಹೊಲದ ಹಾದಿಯಲ್ಲಿ ಗಾಡಿಯ ಹೊಟ್ಟೆ ನೆಲಕ್ಕೆ ತಾಗಿ ತಾಗಿ ಸಾಕಾಗಿ ಹೋಗಿತ್ತು. ಅದಕ್ಕೇ ಈ ಸಲ ಸುಗ್ಗಿಗೆ ಮುಂಚೆ ಬಂಕಾಪುರದ ಹೈವೇ ಪಕ್ಕದ ಗ್ಯಾರೇಜಿಗೆ ಒಯ್ದ. ಮಿಸ್ತ್ರಿ ರೆಹಾನ ಹಿಂದಿನ ಗಾಲಿಗಳ ಮೇಲೆ ಭಾರ ಹೊರುವ ಹಳೆಯ ಪಾಟಾಗಳ ಜೊತೆಗೆ ಇನ್ನೆರಡು ದಪ್ಪ ಪಾಟಾ ಕೂರಿಸಿದ, ನಾಲ್ಕೂ ಕಡೆ ದೊಡ್ಡ ಟೈರು ಹಾಕಿದ. "ಚಾಚಾ, ಇನ್ನ ನಿಮ್ಮ ಗಾಡಿ ಗುಡ್ಡಾನ ಎಳೀತೈತಿ ನೋಡ್ರಿ" ಎಂದ. "ನಿನ್ನ ಉಪಕಾರ ಮರೆಯಂಗಿಲ್ಲಪಾ" ಎಂದು ಉಡಚಪ್ಪ ಅವನ ಗ್ರೀಸು ಮೆತ್ತಿದ ಕೈಯನ್ನೇ ಹಿಡಿದುಕೊಂಡ. ಇದು ಅವನಿಗೆ ಬಾಯಿಮಾತಲ್ಲ. ಯಾರಾದರೂ ಒಂದು ತಂಬಿಗೆ ನೀರು ಕೊಟ್ಟರೂ ವರ್ಷಗಟ್ಟಲೆ ನೆನೆಯುವ ಜಾತಿಯ ಪ್ರಾಣಿ ಅದು.

ಗುಡ್ಡ ಎಳೆಯುವ ಮಾತು ಹಾಗಿರಲಿ. ಮರುದಿನ ಬೆಳಿಗ್ಗೆ ಮಷಿನ್ನಿನ ಮುಂದೆ ಚಾಚಿಕೊಂಡಿದ್ದ ಕಬ್ಬಿಣದ ಮೂಕಿಯನ್ನು ಎತ್ತಿ ಪಿಕಪ್ಪಿನ ಕೊಂಡಿಗೆ ಸಿಗಿಸಿದ್ದೇ ತಡ, ಮಷಿನ್ನು ಮುಗಿಲು ನೋಡುತ್ತ ಹಿಂದಕ್ಕೆ ವಾಲಿತು, ಅದರ ಬಾಲ ನೆಲಕ್ಕೆ ಕುಕ್ಕರಿಸಿತು. ಗಾಡಿ ಎತ್ತರವಾದರೆ ಅದರ ಹಿಂದಿನ ಕೊಂಡಿಯೂ ಎತ್ತರವಾಗುತ್ತದೆ ಎಂಬುದು ಬಂಕಾಪುರದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮಷಿನ್ನು ಇಲ್ಲಿ ಹಿರೇಕೆರೂರಿನ ಹಿತ್ತಿಲಲ್ಲಿ ನಿಂತಿತ್ತು, ಪಿಕಪ್ಪು ಅಲ್ಲಿ!

ಅಷ್ಟರಲ್ಲಿ ಫೋನು ಬಂತು. ಮಾಸೂರಿನ ವೀರವ್ವ.

"ಉಡಚಪ್ಪಾ, ಮದಗದ ಕೆರಿ ಕಡಿಂದ ಮೋಡ ಏಳಾಕತ್ತೈತಿ. ತೆನಿ ಎಲ್ಲಾ ಕಣದಾಗ ಬಿದ್ದಾವು. ಮುಚ್ಚಾಕ ತಾಡಪತ್ರಿ ಅರ್ಧಕ್ಕೂ ಸಾಲಂಗಿಲ್ಲ. ಹೊಂಟಿಯೇನು?"

"ಹೊಂಟೇನ್ರೆವ್ವಾ, ದಾರ್ಯಾಗ ಅದೇನಿ" ಎಂದ ಉಡಚಪ್ಪ, ತನ್ನ ಬಚ್ಚಲಮನೆಯ ಗೋಡೆಗೆ ಒರಗಿಕೊಂಡು.

ಹೇಳಿದ್ದು ಸುಳ್ಳು. ಅದೂ ವೀರವ್ವನಿಗೆ! ಅವನು ಮಷಿನ್ನು ತಂದ ಹೊಸದರಲ್ಲಿ ಮೊದಲ ಕಣದಲ್ಲೇ ಅದು ಕೆಟ್ಟು ನಿಂತು, ಊರೆಲ್ಲ ನಕ್ಕು, ಒಂದು ನರಪಿಳ್ಳೆಯೂ ಅವನನ್ನು ಕರೆದಿರಲಿಲ್ಲ. "ನನ್ನ ಕಣಕ್ಕ ತಗೊಂಬಾ, ಕೆಟ್ರ ಕೆಡ್ತೈತಿ, ರಿಪೇರಿ ಮಾಡೂಣಂತ" ಎಂದವಳು ವೀರವ್ವ ಒಬ್ಬಳೇ. ಅಂದಿನಿಂದ ಅವನ ಸುಗ್ಗಿ ಶುರುವಾಗುವುದು ಅವಳ ರಾಶಿಯಿಂದ. ಇವತ್ತು ಅವಳ ತೆನೆ ತೊಯ್ದರೆ ತಾನು ಮನುಷ್ಯನೇ ಅಲ್ಲ ಎಂದುಕೊಂಡ.

"ವೆಲ್ಡಿಂಗ್ ಬಸವಣ್ಣೆಪ್ಪನ್ನ ಕರೀರಿ, ಕೊಂಡಿ ಕೆಳಗ ಇಳಿಸಿ ಕೊಡ್ತಾನ" ಎಂದಳು ಹೆಂಡತಿ ಜಯಶ್ರೀ. ಬುದ್ಧಿವಂತ ಮಾತು. ಬಸವಣ್ಣೆಪ್ಪ ಓಡೋಡಿ ಬಂದ, ಬಗ್ಗಿ ನೋಡಿದ, ತಲೆದೂಗಿದ. "ಅರ್ಧಾ ತಾಸಿನ ಕೆಲಸ. ಆದರ ಇವತ್ತ ಲೈನ್ ರಿಪೇರಿ ಐತಿ, ಸಂಜೀತನಕ ಕರೆಂಟಿಲ್ಲ."

ಕರೆಂಟ್ ಇಲ್ಲದ್ದರಿಂದ ಓಣಿಯಲ್ಲಿ ಯಾರಿಗೂ ಟೀವಿಯೂ ಇರಲಿಲ್ಲ. ಎಲ್ಲರೂ ಉಡಚಪ್ಪನ ಮನೆ ಮುಂದೆ ನೆರೆದರು.

ಬಸ್ಸಿನ ಕಂಡಕ್ಟರಾಗಿ ರಿಟೈರಾದ ದ್ಯಾಮಪ್ಪ ಮುಂದಾಳತ್ವ ವಹಿಸಿದ. ಮೊದಲು ಹಿಂದಿನ ಗಾಲಿಗಳಿಗೆ ತಗ್ಗು ತೋಡಿಸಿದ. ಗಾಡಿ ತಗ್ಗಿನಲ್ಲಿ ಇಳಿಯಿತು, ಮೂಕಿ ಮಟ್ಟಸವಾಗಿ ಕೂತಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಗಾಡಿ ತಗ್ಗಿನಿಂದ ಮೇಲೆ ಬಂದೊಡನೆ ಮಷಿನ್ನು ಮತ್ತೆ ಕುಕ್ಕರಿಸಿತು. "ತಗ್ಗು ಮಾಸೂರ ತನಕ ತೋಡಬೇಕಾಕ್ಕೈತಿ" ಎಂದಳು ಪಕ್ಕದ ಮನೆಯ ಚೌಡವ್ವ. ಆಮೇಲೆ ಯಾರೋ ಹೊಸ ಟೈರಿನ ಗಾಳಿ ಬಿಡೋಣವೆಂದರು. ಉಡಚಪ್ಪ ಟೈರನ್ನು ಎರಡೂ ಕೈಯಿಂದ ತಬ್ಬಿಕೊಂಡು ಕೂತ.

"ಸರಿ ಹಂಗಾರ. ಗಾಡ್ಯಾಗ ಭಾರಾ ಹೇರಬೇಕು" ಎಂದ ದ್ಯಾಮಪ್ಪ. "ಹಿಂಭಾಗ ತಾನ ಕೆಳಗ ಇಳೀತೈತಿ."

"ಕಲ್ಲು ಹೇರೂಣೇನ್ರಿ?"

"ಕಲ್ಲಿಗೆ ಹೊಲದಾಗ ಇಳದು ತಳ್ಳು ಅಂದ್ರ ತಳ್ಳತೈತೇನೋ ತಮ್ಮಾ? ಮಂದಿ ಕುಂದ್ರಬೇಕು. ಹತ್ತ್ರಿ ಎಲ್ಲಾರೂ! ಹಿಂದಕ್ಕ ಸರೀರಿ, ಹಿಂದಕ್ಕ ಸರೀರಿ!"

ಕೆಲಸ ಬಿಟ್ಟು, ಒಲೆ ಆರಿಸಿ, ಓಣಿ ಹತ್ತಿತು. ಒಬ್ಬೊಬ್ಬರು ಹತ್ತಿದಂತೆ ಗಾಡಿ ಸ್ವಲ್ಪ ಸ್ವಲ್ಪ ಇಳಿಯಿತು. ಇನ್ನೂ ಎರಡು ಬೆರಳು ಉಳಿದಿತ್ತು. ಚೌಡವ್ವ ಸೆರಗು ಸಿಗಿಸಿಕೊಂಡು, "ಸರೀರಿ, ಅದು ನನ್ನ ಪಾಲಿಂದು" ಎಂದು ಹತ್ತಿ ಕೂತಳು. ಮಷಿನ್ನು ತಟ್ಟೆಯಿಟ್ಟಂತೆ ಮಟ್ಟವಾಯಿತು. ಉಡಚಪ್ಪನ ಕಣ್ಣುಗಳು ಒದ್ದೆಯಾದವು. "ನೀವು ಮಂದಿ ಅಲ್ರಿ, ದೇವರು" ಎಂದು ಕೈಮುಗಿದು ಗಾಡಿ ಬಿಟ್ಟ.

ಮಾಸೂರಿನ ದಾರಿಯಲ್ಲಿ ಅರ್ಧ ಹೋಗಿಲ್ಲ, ಪೊಲೀಸೊಬ್ಬ ಕೈ ಅಡ್ಡ ಹಾಕಿದ.

"ಏನ್ರಿ ಇದು? ಮಾಲು ಹೇರೂ ಗಾಡ್ಯಾಗ ಮಂದಿ ತುಂಬೀರಿ?"

ಉಡಚಪ್ಪ ಗಾಡಿಯ ಕಾಗದಪತ್ರ ಹುಡುಕತೊಡಗಿದ. ಮೇಲಿಂದ ದ್ಯಾಮಪ್ಪನೇ ಉತ್ತರ ಕೊಟ್ಟ. "ಸಾಹೇಬ್ರ, ನಾವು ಮಂದಿ ಅಲ್ರಿ. ಭಾರ."

"ಏನಂದ್ರಿ?"

"ಮಷಿನ್ನ ಮಟ್ಟಾಗಿ ಬರ್ಲಿ ಅಂತ ಹೇರಿದ ಭಾರಾರಿ. ಮಾಲು ಅಂತನ ತಿಳಕೋರಿ."

"ಚಾಷ್ಟಿ ಮಾಡ್ತೀರಿ? ಇಳೀರಿ ಎಲ್ಲಾರೂ!"

ಎಲ್ಲರೂ ಇಳಿದರು. ಹೊಸ ಪಾಟಾಗಳು ಗಾಡಿಯನ್ನು ಮೇಲೆತ್ತಿದವು. ಮಷಿನ್ನಿನ ಬಾಲ ಧಡ್ ಎಂದು ರಸ್ತೆಗೆ ಬಡಿದು ಅಲ್ಲೇ ಕೂತುಬಿಟ್ಟಿತು. ಹಿಂದೆ ಒಂದು ಬಸ್ಸು ನಿಂತಿತು, ಅದರ ಹಿಂದೆ ಕಬ್ಬಿನ ಟ್ರ್ಯಾಕ್ಟರು, ಅದರ ಹಿಂದೆ ಮದುಮಗನಿದ್ದ ಒಂದು ಕಾರು. ಹಾರನ್ನಿನ ಗದ್ದಲದಲ್ಲಿ ಯಾರ ಮಾತು ಯಾರಿಗೂ ಕೇಳದಾಯಿತು. ಪೊಲೀಸು ಮುಂದೆ ನೋಡಿದ, ಹಿಂದೆ ನೋಡಿದ, ಬೆವರೊರೆಸಿಕೊಂಡ.

"ಹತ್ತ್ರಿ, ಹತ್ತ್ರಿ! ಲಗೂನ ಹತ್ತ್ರಿ!"

ಹತ್ತಿದರು. ಆದರೆ ಚೌಡವ್ವ ಇಲ್ಲ. ಆಕೆ ಇಳಿದದ್ದೇ ಸಮಯವೆಂದು ಎದುರಿನ ಅಂಗಡಿಯಲ್ಲಿ ಚಹಾಕ್ಕೆ ಕೂತಿದ್ದಳು. ಬಸಿಯಲ್ಲಿ ಹಾಕಿದ ಚಹಾ ಬಿಟ್ಟು ಏಳುವ ಪೈಕಿಯಲ್ಲ ಆಕೆ. ಆಕೆ ಬರುವವರೆಗೆ ಗಾಡಿ ಬದಿಗಾದರೂ ಸರಿಯಲೆಂದು ಪೊಲೀಸು ತಾನೇ ಹಿಂದಿನ ಪಟ್ಟಿಯ ಮೇಲೆ ಹತ್ತಿ ನಿಂತು, ಪಾಪ, ಆ ಎರಡು ಬೆರಳು ಇಳಿಸಿಕೊಟ್ಟ.

"ಸಾಹೇಬ್ರ, ನಿಮ್ಮ ಉಪಕಾರ..." ಎಂದು ಉಡಚಪ್ಪ ಶುರು ಮಾಡಿದ.

"ಮೊದಲ ಹೋಗ್ರೆಪಾ ಇಲ್ಲಿಂದ!"

ಮಾಸೂರು ಮುಟ್ಟುವಾಗ ಮೋಡ ತಲೆಯ ಮೇಲೆ ಬಂದಿತ್ತು. ವೀರವ್ವ ಕಣದ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬಂದ ಗಾಡಿಯನ್ನೂ ಅದರ ಮೇಲಿದ್ದ ಜನರನ್ನೂ ನೋಡಿ, "ಮಷಿನ್ನ ತಾ ಅಂದ್ರ ದಿಬ್ಬಣಾ ತಂದಿಯಲ್ಲೋ!" ಎಂದಳು.

ದಿಬ್ಬಣ ಬಂದದ್ದೇ ಒಳ್ಳೆಯದಾಯಿತು. ವೀರವ್ವ ಕೆಲಸಕ್ಕೆ ಹೇಳಿದ್ದ ಆಳುಗಳು ಮೋಡ ನೋಡಿ ತಂತಮ್ಮ ಕಣಕ್ಕೆ ಓಡಿದ್ದರು. ಓಣಿಯ ಮಂದಿ ಸೀರೆ, ಪಂಚೆ ಎತ್ತಿಕಟ್ಟಿ ಬುಟ್ಟಿ ಹಿಡಿದರು. ತೆನೆ ಹೋಗುತ್ತಿತ್ತು, ಕಾಳು ಬೀಳುತ್ತಿತ್ತು, ದ್ಯಾಮಪ್ಪ ಶಿಳ್ಳೆ ಹಾಕಿ ಎಲ್ಲರನ್ನೂ ಓಡಿಸುತ್ತಿದ್ದ. ಕೊನೆಯ ಚೀಲದ ಬಾಯಿ ಹೊಲಿದು ಮನೆಯೊಳಗೆ ಇಟ್ಟ ಮೇಲೆ ಮಳೆ ನಾಲ್ಕು ದಪ್ಪ ಹನಿ ಚೆಲ್ಲಿ, ಇಲ್ಲೇನೂ ಕೆಲಸವಿಲ್ಲವೆಂದು ಮುಂದೆ ಹೋಯಿತು.

ವೀರವ್ವ ಉಡಚಪ್ಪನ ತಲೆಯ ಮೇಲೆ ಕೈಯಿಟ್ಟಳು. "ನಂದು ವರ್ಷದ ಅನ್ನ ಉಳಿಸಿದಿ, ಯಪ್ಪಾ. ನಾ ಏನ ಹೇಳಲಿ."

"ನಾ ಏನ ಮಾಡೇನ್ರೆವ್ವಾ? ಎಲ್ಲಾ ಇವರ..." ಎಂದು ಓಣಿಯವರ ಕಡೆ ಕೈ ತೋರಿಸಿದ. ಇಂಥ ನೆರೆಹೊರೆ ಎಷ್ಟು ಮಂದಿಗೆ ಇರುತ್ತದೆ? ಅವನ ಎದೆ ತುಂಬಿ ಬಂದಿತ್ತು.

ಎಲ್ಲರಿಗೂ ಗೋಧಿ ಹುಗ್ಗಿಯ ಊಟವಾಯಿತು. ಎಲೆ ಎತ್ತುವ ಹೊತ್ತಿಗೆ ಬಸವಣ್ಣೆಪ್ಪ ಗುಟ್ಟಿನ ನಗೆ ನಗುತ್ತ ಉಡಚಪ್ಪನನ್ನು ಹೊರಗೆ ಕರೆದ. ರಾಶಿ ನಡೆದಾಗ ಅವನು ಪಿಕಪ್ಪು ತೆಗೆದುಕೊಂಡು ಕರೆಂಟ್ ಇದ್ದ ಮಾಸೂರಿನಲ್ಲೇ ತನ್ನ ಗೆಳೆಯನ ವೆಲ್ಡಿಂಗ್ ಅಂಗಡಿಗೆ ಹೋಗಿ, ಕೊಂಡಿಯನ್ನು ಕಡಿದು, ಸರಿಯಾಗಿ ಒಂದು ಗೇಣು ಕೆಳಗೆ ಬೆಸೆದು ತಂದಿದ್ದ.

"ಇಕಾ, ಖಾಲಿ ಗಾಡಿಗೆ ಬರೋಬ್ಬರಿ ಮಟ್ಟ ಮಾಡೇನಿ. ಇನ್ನ ನಿನಗ ಯಾರ ಹಂಗೂ ಇಲ್ಲ."

ಉಡಚಪ್ಪ ಮೂಕಿ ಸಿಗಿಸಿ ನೋಡಿದ. ಗಾಡಿಯಲ್ಲಿ ಒಂದು ಇಲಿ ಕೂಡ ಇಲ್ಲ, ಆದರೂ ಮಷಿನ್ನು ಅಲುಗದೆ ಮಟ್ಟಸವಾಗಿ ನಿಂತಿದೆ! ಎತ್ತರವೂ ಉಳಿಯಿತು, ಎಳೆಯುವ ತಾಕತ್ತೂ ಉಳಿಯಿತು. ನಾಳೆ ಬೆಳಕು ಹರಿಯುವುದರೊಳಗೆ ಹಂಸಭಾವಿಯ ಕಣದಲ್ಲಿ ಈ ಮಷಿನ್ನು ಇರಬೇಕಿತ್ತು. ಇನ್ನೇನು ಚಿಂತೆ? ಅವನು ಬಸವಣ್ಣೆಪ್ಪನನ್ನು ತಬ್ಬಿಕೊಂಡು ಅತ್ತೇಬಿಟ್ಟ.

"ಹತ್ತ್ರಿ, ಹೊತ್ತಾತು!" ಎಂದು ಹಿಂದಿನಿಂದ ದ್ಯಾಮಪ್ಪನ ದನಿ ಕೇಳಿಸಿತು.

ಉಂಡ ಓಣಿ ಗಾಡಿ ಹತ್ತಿತು. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ರಾಶಿ ಮುನಿಯುತ್ತದೆ. ವೀರವ್ವ ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಕಾಳಿನ ಗಂಟು ಇಡಿಸಿದಳು, ಬೇಡವೆನ್ನುವಂತಿಲ್ಲ. ಗಾಡಿಯ ಹಿಂಭಾಗ ಇಳಿಯಿತು, ಮತ್ತೂ ಇಳಿಯಿತು. ಚೌಡವ್ವ ಕೂತದ್ದೇ ತಡ, ಕೆಳಗೆ ಬೆಸೆದ ಕೊಂಡಿ ಮೂಕಿಯ ಸಮೇತ ನೆಲ ಮುಟ್ಟಿತು. ಮಷಿನ್ನು ಬಾಲ ಮೇಲೆತ್ತಿ ಮಾಸೂರಿನ ಮಣ್ಣಿಗೆ ಅಡ್ಡಬಿದ್ದಿತು.

ಬಸವಣ್ಣೆಪ್ಪ ಮೋಡ ನೋಡುತ್ತಿದ್ದ.

ಮಷಿನ್ನು ಬೇಕೆಂದರೆ ಮಂದಿ ಇಳಿಯಬೇಕು, ಮಂದಿ ಬೇಕೆಂದರೆ ಮಷಿನ್ನು ಬಿಡಬೇಕು. ಯಾರನ್ನು ಇಳಿ ಎನ್ನುವುದು? ಒಲೆ ಆರಿಸಿ ಬಂದವಳನ್ನೋ, ಅಂಗಡಿ ಮುಚ್ಚಿ ಬಂದವನನ್ನೋ? ಉಡಚಪ್ಪ ಮೂಕಿ ಕಳಚಿದ. "ಮಷಿನ್ನ ಇಲ್ಲೇ ಇರ್ಲಿರೆವ್ವಾ. ಇವರನ್ನ ಮನಿ ಮುಟ್ಟಿಸಿ ಬಂದು ಒಯ್ತೇನಿ" ಎಂದು ವೀರವ್ವನಿಗೆ ಹೇಳಿದ.

ಹಿರೇಕೆರೂರಿನಲ್ಲಿ ದೀಪ ಹಚ್ಚುವ ಹೊತ್ತಿಗೆ ಒಬ್ಬೊಬ್ಬರನ್ನೂ ಅವರವರ ಬಾಗಿಲಲ್ಲಿ ಇಳಿಸಿದ. ಕಾಳಿನ ಗಂಟನ್ನೂ ಒಳಗಿಟ್ಟು ಬಂದ. ಜಯಶ್ರೀ ಕೊಟ್ಟ ಚಹಾ ನಿಂತಲ್ಲೇ ಕುಡಿದು, ಖಾಲಿ ಗಾಡಿಯ ಕೀಲಿ ತಿರುವಿದ. ಖಾಲಿ ಗಾಡಿ! ಈಗ ಹೋದರೆ ಮಷಿನ್ನು ಕಟ್ಟಿಕೊಂಡು ನೆಟ್ಟಗೆ ಹಂಸಭಾವಿ.

ಎದುರಿನ ಬಾಗಿಲು ತೆರೆಯಿತು. ದ್ಯಾಮಪ್ಪ ಕಂಬಳಿ ಹೊದ್ದು ಬಂದ.

"ಒಬ್ಬನ ಹೊಂಟಿಯಲ್ಲೋ ತಮ್ಮಾ? ಛೇ ಛೇ! ಕತ್ತಲಾಗ ಒಬ್ಬನ್ನ ಕಳಸಾಕ ನಾವೇನ್ ಸತ್ತೇವೇನು?"

"ಬ್ಯಾಡ್ರಿ ಕಾಕಾ, ದಣದೀರಿ ನೀವು..."

ದ್ಯಾಮಪ್ಪ ಆಗಲೇ ಹತ್ತಿ ಕೂತು ಓಣಿಗೆಲ್ಲ ಕೇಳುವಂತೆ ಕೂಗಿದ್ದ. ಬಾಗಿಲುಗಳು ಒಂದಾದ ಮೇಲೊಂದು ತೆರೆದವು. ಬಸವಣ್ಣೆಪ್ಪ ಟಾರ್ಚು ಹಿಡಿದು ಬಂದ. ಕೊನೆಗೆ ಚೌಡವ್ವ, ರೊಟ್ಟಿಯ ಗಂಟು ಕಂಕುಳಲ್ಲಿಟ್ಟುಕೊಂಡು, "ಸರೀರಿ, ನನ್ನ ಜಾಗಾ ಬಿಡ್ರಿ" ಎಂದಳು.

ಉಡಚಪ್ಪ ಎಲ್ಲರ ಮುಖ ನೋಡಿದ. ಒಬ್ಬರ ಮುಖದಲ್ಲೂ ಅವನ ಮೇಲಿನ ಅಕ್ಕರೆ ಬಿಟ್ಟು ಬೇರೇನೂ ಇರಲಿಲ್ಲ. ಅದೇ ಕಷ್ಟ.

"ನಿಮ್ಮಂಥಾ ಮಂದಿ ಯಾವ ಜನ್ಮದಾಗ ಸಿಗ್ತಾರ್ರಿ" ಎಂದು ಕೈಮುಗಿದು, ಗಾಡಿಯನ್ನು ಮಾಸೂರಿನ ಕಡೆಗೆ ತಿರುಗಿಸಿದ.