ಪಡಸಾಲೆಯಲ್ಲೊಂದು ಸರ್ಕಾರಿ ಜೂಜು

ಜೂಜನ್ನು ಕಾನೂನುಬದ್ಧಗೊಳಿಸಿ ನಿಯಂತ್ರಿಸಲು ಸರ್ಕಾರಗಳು ಸಿದ್ಧವಾಗಿವೆಯೇ ಎಂದು ಟೀವಿಯಲ್ಲಿ ದೊಡ್ಡವರೆಲ್ಲ ಕಿತ್ತಾಡುತ್ತಿದ್ದರು. ನನಗೆ ನಗು ಬಂತು. ಇದರಲ್ಲಿ ಕಷ್ಟವೇನು? ಕಾನ್ವೆಂಟಿನಲ್ಲಿ ನಾನು ಕ್ಲಾಸ್ ಮಾನಿಟರ್. ಸ್ಕೂಲು ಬಿಡುವಾಗ ಸಿಸ್ಟರ್ ಕೊಟ್ಟ ಹಿತ್ತಾಳೆಯ ಗಂಟೆ ಇಂದಿಗೂ ಮನೆಯಲ್ಲಿದೆ. ಅದರ ಸದ್ದಿಗೆ ಇಡೀ ವರಾಂಡ ಸುಮ್ಮನಾಗುತ್ತಿತ್ತು. ಎಂಥ ದಿನಗಳು! ಡಿಸಿಪ್ಲಿನ್ ಬೇಕು, ಅಷ್ಟೇ.

ಸಮಸ್ಯೆ ನಮ್ಮ ಮನೆಯಲ್ಲೂ ಇತ್ತು. ದೀಪಾವಳಿಗೆ ಶಾಸ್ತ್ರಕ್ಕೆಂದು ಹಿಡಿದ ಇಸ್ಪೀಟನ್ನು ಯಜಮಾನರು ತುಳಸಿ ಲಗ್ನ ಮುಗಿದರೂ ಕೆಳಗಿಡಲಿಲ್ಲ. ಸಂಜೆಯಾದರೆ ಗೆಳೆಯ ಶರಣಪ್ಪನವರ ರೈಸ್ ಮಿಲ್ಲಿನಲ್ಲಿ ಅಂದರ್ ಬಾಹರ್. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮನುಷ್ಯ. ಎಂಟಕ್ಕೆ ಊಟ, ಮಾತ್ರೆ ತಪ್ಪುವಂತಿರಲಿಲ್ಲ. ಬೈದೆ, ಅತ್ತು ಕರೆದೆ, ಇಸ್ಪೀಟು ಬಚ್ಚಿಟ್ಟೆ. ಮಿಲ್ಲಿನಲ್ಲಿ ಇನ್ನೊಂದು ಕಟ್ಟು ಇತ್ತು!

ನಿಷೇಧ ವಿಫಲವಾದ ಕಾರಣ ಪರವಾನಗಿ ಘೋಷಿಸಿದೆ.

"ಇನ್ಮ್ಯಾಲೆ ನಮ್ಮ ಪಡಸಾಲ್ಯಾಗ ಆಡ್ರಿ. ರೊಕ್ಕ ಇಲ್ಲ, ಶೇಂಗಾ ಹಚ್ರಿ. ಗೆದ್ದೋರು ಒಂದು ಹಿಡಿ ಸರ್ಕಾರಕ್ಕ ಟ್ಯಾಕ್ಸ್ ಕೊಡಬೇಕು. ಎಂಟಕ್ಕ ಗಂಟಿ ಬಾರಿಸ್ತೀನಿ, ಆಟ ಬಂದ್. ಅಂಡರ್‌ಸ್ಟುಡ್?"

"ಸರ್ಕಾರ ಯಾರ್ರೀ ಅಕ್ಕಾರ?" ಎಂದರು ಶರಣಪ್ಪ.

"ನಾನೇ!"

ಮೊದಮೊದಲು ಆಡಳಿತ ಮಾದರಿಯಾಗಿತ್ತು. ಗಂಟೆಯಾದೊಡನೆ ಇಸ್ಪೀಟು ಕೆಳಗೆ, ಊಟದ ತಟ್ಟೆ ಮುಂದೆ. ಟ್ಯಾಕ್ಸಿನ ಶೇಂಗಾ ಹುರಿದು ಚಟ್ನಿಪುಡಿ ಕುಟ್ಟಿ ಓಣಿಗೆಲ್ಲ ಹಂಚಿದೆ. "ಇನ್ನಷ್ಟು ಕೊಡ್ರೀ ಯವ್ವಾ" ಎಂದು ಬಟ್ಟಲು ಹಿಡಿದು ಬಂದರು. ಸರ್ಕಾರಕ್ಕೆ ಆದಾಯ ಸಾಲದಾಯಿತು! ಆಡುವವರು ಹೆಚ್ಚಿದರೆ ಟ್ಯಾಕ್ಸ್ ಹೆಚ್ಚೀತೆಂದು ನಾನೂ ಕುಳಿತೆ.

ಒಂದು ಸಂಜೆ ಯಜಮಾನರೇ ಗಡಿಯಾರ ನೋಡಿದರು. "ಗಂಟಿ ಯಾಕ ಬಾರಿಸವಲ್ಲಿ? ಹೊಟ್ಟಿ ಚುರುಗುಟ್ಟಾಕತ್ತದ."

"ಜಸ್ಟ್ ಒನ್ ಮೋರ್ ರೌಂಡ್ ರೀ. ಟ್ಯಾಕ್ಸಿನ ಡಬ್ಬಿ ತುಂಬಿಲ್ಲ."

ಆ ರೌಂಡಿಗೆ ಇನ್ನೊಂದು ರೌಂಡು ಹುಟ್ಟಿತು. ಆಮೇಲೆ ನೋಡುತ್ತೇನೆ, ಗಂಟೆ ಹತ್ತು ದಾಟಿದೆ, ಯಜಮಾನರ ಹಣೆ ತುಂಬ ಬೆವರು. ಕೈಯಲ್ಲಿದ್ದ ಶೇಂಗಾ ಚೆಲ್ಲಿ ಎದ್ದೆ. ಶರಣಪ್ಪನವರ ಕಾರಿನಲ್ಲಿ ಆಸ್ಪತ್ರೆ ಮುಟ್ಟುವ ತನಕ ಅವರ ಕೈ ಬಿಡಲಿಲ್ಲ, ಪ್ರಾರ್ಥನೆಯೊಂದೂ ನೆನಪಾಗಲಿಲ್ಲ.

ದೇವರು ದೊಡ್ಡವನು. ಮಾತ್ರೆ ತಪ್ಪಿದ್ದಕ್ಕೆ ಬಿಪಿ ಏರಿತ್ತು, ಅಷ್ಟೇ. ಡಾಕ್ಟರು ಗದರಿದರು: "ಮತ್ತ ಎಲ್ಲಿ ಆಡಾಕ ಹೋಗಿದ್ರಿ ಯಜಮಾನ್ರ?"

"ಎಲ್ಲೂ ಹೋಗಿಲ್ರಿ," ಎಂದರು ಮೆಲ್ಲಗೆ, ನನ್ನತ್ತ ನೋಡಿ. "ಸರ್ಕಾರಿ ಜಾಗದಾಗ ಆಡೀನಿ."

ನಾನು ಛಾವಣಿ ನೋಡಿದೆ.

ಅಂದಿನಿಂದ ಅವರು ಇಸ್ಪೀಟು ಮುಟ್ಟಿಲ್ಲ. ಗಂಟೆ ಮಾತ್ರ ಅವರ ವಶದಲ್ಲಿದೆ. ನಿನ್ನೆ ಶರಣಪ್ಪ ದಂಪತಿಗಳ ಜೊತೆ ನಾನು ಆಟಕ್ಕೆ ಕುಳಿತಿದ್ದಾಗ ಬಾಗಿಲಲ್ಲಿ ನಿಂತು ಬಾರಿಸಿದರು.

"ಏಳ್ರಿ ಸರ್ಕಾರ, ಊಟದ ಹೊತ್ತಾತು."

ಸರ್ಕಾರಗಳು ಸಿದ್ಧವಾಗಿವೆಯೇ? ಉಳಿದವುಗಳ ಮಾತು ನನಗೆ ತಿಳಿಯದು. ನಮ್ಮದು ಗೆಲ್ಲುತ್ತಿತ್ತು, ಊಟಕ್ಕೆ ಏಳಲೂ ಸಿದ್ಧವಿರಲಿಲ್ಲ!