ಮೇಜಿನಡಿಯ ಒದೆಗಳೂ ಹುರಿದ ಬಾದಾಮಿಯೂ

ನನ್ನ ಅತ್ತೆ ಮಾದಾಂ ಓರ್ತಾಂಸ್ ಅವರಿಗೆ ನನ್ನ ಮೇಲಿರುವ ದೂರು ಒಂದೇ. ನಾನು ನಾರ್ಮಂಡಿಯಲ್ಲಿ ಹುಟ್ಟಿದೆ ಎನ್ನುವುದು. ಈ ಕೆಲಸವನ್ನು ನಾನು ಬೇಕೆಂದೇ ಮಾಡಿದೆ ಎಂಬಂತೆ ಮದುವೆಯಾದಾಗಿನಿಂದ ನನ್ನನ್ನು ನೋಡುತ್ತ ಬಂದಿದ್ದಾರೆ. ನಾರ್ಮಂಡಿಯಲ್ಲಿ ದ್ರಾಕ್ಷಿ ಬೆಳೆಯುವುದಿಲ್ಲ, ಸೇಬು ಬೆಳೆಯುತ್ತದೆ. ನಾವು ಸೇಬು ಹಿಂಡಿ, ಹುದುಗಿಸಿ, ಸೈಡರ್ ಮಾಡಿ ಕುಡಿದು ದೊಡ್ಡವರಾದವರು. ಆದರೆ ಲ್ವಾರ್ ನದಿಯ ದಂಡೆಯ ಈ ಸಾವೆನಿಯೇರ್ ಊರಿನಲ್ಲಿ ಸೈಡರ್ ಕುಡಿಯುವವನೆಂದರೆ ಮನುಷ್ಯರ ಲೆಕ್ಕದಲ್ಲಿಲ್ಲ. (ಕುದುರೆಗಳ ಲೆಕ್ಕದಲ್ಲೂ ಇಲ್ಲ. ಕುದುರೆ ಸೇಬನ್ನು ಮರ್ಯಾದೆಯಾಗಿ ತಿನ್ನುತ್ತದೆ, ಹಿಂಡಿ ಕುಡಿಯುವುದಿಲ್ಲ ಎಂದು ಅತ್ತೆ ಒಮ್ಮೆ ವಿವರಿಸಿದ್ದರು.)

ಅದರ ಮೇಲೆ ನಾನು ಮಾಡಿದ ಮಹಾಪರಾಧ ಬೇರೆ. ಮೊದಲ ಸಲ ಭಾನುವಾರದ ಊಟಕ್ಕೆ ಕರೆದಾಗ, ಆಗ ಬದುಕಿದ್ದ ಮಾವನವರು ನೆಲಮಾಳಿಗೆಯಿಂದ ಒಂದು ಬಾಟಲಿಯನ್ನು ಹಸುಗೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು, ಸಾವೆನಿಯೇರಿನ ಬಿಳಿ ವೈನನ್ನು ನನ್ನ ಲೋಟಕ್ಕೆ ಸುರಿದರು. ವಿಪರೀತ ಸೆಕೆಯಿತ್ತು. ನಾನು ಎರಡು ತುಂಡು ಐಸ್ ಹಾಕಿಕೊಂಡೆ. ಮಾವನವರು ಎದ್ದು ತೋಟಕ್ಕೆ ಹೋದರು. ಅತ್ತೆ ಶಿಲುಬೆಯ ಗುರುತು ಹಾಕಿಕೊಂಡರು. ಸೊಲಾಂಜ್ (ಈಗ ನನ್ನ ಹೆಂಡತಿ, ಆಗಿನ್ನೂ ತಪ್ಪಿಸಿಕೊಳ್ಳಲು ಅವಕಾಶವಿದ್ದವಳು) ಹಣೆ ಹಿಡಿದು ಕೂತಳು.

ಈ ಕಳಂಕವನ್ನು ತೊಳೆದುಕೊಳ್ಳಲು ನಾನು ಮಾಡದ ಪ್ರಯತ್ನವಿಲ್ಲ. ಪ್ರತಿ ಕ್ರಿಸ್‌ಮಸ್‌ಗೂ ಊರಿನಿಂದ ನಮ್ಮಮ್ಮ ಕಳಿಸುವ ಒಳ್ಳೆಯ ಸೈಡರ್ ಬಾಟಲಿಯೊಂದನ್ನು, ಅವಳೇ ಕತ್ತಿಗೆ ಕಟ್ಟಿದ ಕೆಂಪು ರಿಬ್ಬನ್ನಿನ ಸಮೇತ, ಅತ್ತೆಗೆ ಕಾಣಿಕೆ ಕೊಡುತ್ತೇನೆ. ಅವರು ಅದನ್ನು ಎರಡು ಬೆರಳಿನಲ್ಲಿ ಹಿಡಿದು, ಸತ್ತ ಇಲಿಯನ್ನು ಸಾಗಿಸುವಂತೆ ಒಳಗೆ ಒಯ್ಯುತ್ತಾರೆ. ಆಮೇಲೆ ಅದರ ಸುದ್ದಿಯೇ ಇರುವುದಿಲ್ಲ.

ಹೀಗಿರುವಾಗ ನಮ್ಮೂರಿನ ‘ಬಂಗಾರದ ಗುಟುಕಿನ ವೀರಮಂಡಲಿ’ಯಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಈ ಮಂಡಲಿಯ ಸದಸ್ಯರು ಜೇನುಬಣ್ಣದ ಮಖಮಲ್ಲಿನ ನಿಲುವಂಗಿ ತೊಟ್ಟು, ಗರಿ ಸಿಕ್ಕಿಸಿದ ಟೋಪಿ ಇಟ್ಟು, ವರ್ಷಕ್ಕೊಮ್ಮೆ ಸಭೆ ಸೇರಿ, ನಮ್ಮ ವೈನಿಗೆ ಸಮನಾದದ್ದು ಭೂಮಂಡಲದಲ್ಲಿಲ್ಲ ಎಂದು ಸರ್ವಾನುಮತದಿಂದ ತೀರ್ಮಾನಿಸಿ, ಸಂಶಯ ಉಳಿಯದಿರಲೆಂದು ಮತ್ತೊಮ್ಮೆ ಕುಡಿದು ನೋಡುತ್ತಾರೆ. ಔಷಧಿ ಅಂಗಡಿಯ ಒಕ್ತಾವ್ ಅದರ ಮಹಾಗುರು. ಅವರಿಗೆ ಮುಂಚೆ ನನ್ನ ಮಾವ ಮಹಾಗುರುಗಳಾಗಿದ್ದರು. ಆ ನಿಲುವಂಗಿ ನನ್ನ ಮೈಮೇಲೆ ಬಂದರೆ ಅತ್ತೆ ನನ್ನನ್ನು ಹೆಸರು ಹಿಡಿದು ಕರೆದಾರು ಎಂಬ ಆಸೆ ಹುಟ್ಟಿತು. ಅವರು ನನ್ನನ್ನು ಅಲ್ಲಿಯವರೆಗೆ ಒಮ್ಮೆಯೂ ‘ಫಿರ್ಮಾಂ’ ಎಂದು ಕರೆದಿರಲಿಲ್ಲ. ‘ಅಳಿಯಂದಿರು’ ಎನ್ನುತ್ತಿದ್ದರು, ಅದೂ ನನ್ನ ತಲೆಯ ಮೇಲಿನ ಗೋಡೆಯನ್ನು ನೋಡಿಕೊಂಡು.

“ಸೊಲಾಂಜ್, ಆ ಕುರ್ಚಿ ನನಗೆ ಬೇಕು,” ಎಂದೆ.

“ಯಾವ್ದು, ಅಡುಗೆಮನೇದಾ? ಅದರ ಕಾಲು ಅಲ್ಲಾಡತ್ತೆ, ಸರಿಮಾಡಿ ಅಂತ ಹೇಳಿ ವರ್ಷ ಆಯ್ತು.”

“ವೀರಮಂಡಲಿ ಕುರ್ಚಿ ಕಣೇ!”

ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಿದಳು. “ರೀ, ನಿಮಗೆ ಹಾಲು ಒಡೆದ್ರೇ ಗೊತ್ತಾಗಲ್ಲ. ನೀವು ಹೋಗಿ ಅಷ್ಟು ಜನರ ಎದುರಿಗೆ ವೈನ್ ಗುಣ ಹೇಳ್ತೀರಾ?”

“ನೀನು ಹೇಳಿಕೊಡು. ನೀನು ಆ ಮೇಜಿನ ಕೆಳಗೇ ಅಂಬೆಗಾಲಿಟ್ಟು ಬೆಳೆದವಳು.”

ಹೊಗಳಿಕೆ ಕೆಲಸ ಮಾಡಿತು. ಆವತ್ತೇ ಪಾಠ ಶುರು. ನಮ್ಮ ವೈನ್ ಸುಲಭಕ್ಕೆ ಬಗ್ಗುವಂಥದ್ದಲ್ಲ. ಎಳೆಯ ವಯಸ್ಸಿನಲ್ಲಿ ಮುಖ ಗಂಟಿಕ್ಕಿಕೊಂಡಿರುತ್ತದೆ, ಹುಳಿಹುಳಿಯಾಗಿ ನಾಲಗೆ ಗದರಿಸುತ್ತದೆ. ಹತ್ತು ವರ್ಷ ಕತ್ತಲಲ್ಲಿಟ್ಟು, ಹಿಂದಿನ ದಿನವೇ ಬಿರಡೆ ತೆಗೆದು, ತುಂಬ ತಣ್ಣಗೂ ಮಾಡದೆ, ವಿನಯದಿಂದ ಕೇಳಿಕೊಂಡರೆ ಆಗ ನಿಧಾನವಾಗಿ ನಗುತ್ತದೆ. (ಥೇಟ್ ನಮ್ಮ ಅತ್ತೆ. ಹತ್ತು ವರ್ಷದ ಲೆಕ್ಕ ಮಾತ್ರ ಅವರ ವಿಷಯದಲ್ಲಿ ತಪ್ಪಿದೆ.)

“ಮೊದಲು ಮೂಗಿಗೆ ಲಿಂಡನ್ ಹೂವು ಬರಬೇಕು,” ಎಂದಳು ಸೊಲಾಂಜ್. “ದಿನಾ ಮಲಗೋ ಮುಂಚೆ ಕಷಾಯ ಮಾಡಿ ಕುಡೀತೀವಲ್ಲ, ಅದೇ. ಆಮೇಲೆ ಜೇನುಮೇಣ. ಆಮೇಲೆ ಮಳೇಲಿ ನೆನೆದ ಕಲ್ಲು. ನುಂಗಿದ ಮೇಲೆ, ಎಲ್ಲದರ ಕೊನೇಲಿ, ಹುರಿದ ಬಾದಾಮಿ.”

ಹೂವು ಸಿಕ್ಕಿತು. ಮೇಣವೂ ಸಿಕ್ಕಿತು. ಕಲ್ಲಿಗೆ ಮಳೆ ಬರುವ ತನಕ ಕಾಯಬೇಕಿತ್ತು. ಹುರಿದ ಬಾದಾಮಿ ಮಾತ್ರ ಏನು ಮಾಡಿದರೂ ಸಿಗಲಿಲ್ಲ. ಬಾದಾಮಿಯನ್ನೇ ಬಾಣಲೆಯಲ್ಲಿ ಹುರಿದು ಮೂಸಿದೆ. ಬಾಣಲೆಯಲ್ಲಿ ಇರುತ್ತಿತ್ತು, ಲೋಟಕ್ಕೆ ಬರುವಷ್ಟರಲ್ಲಿ ಓಡಿಹೋಗುತ್ತಿತ್ತು.

ಜೋಡಿ ಹುಡುಕುವ ಪಾಠ ಇನ್ನೂ ಕಷ್ಟದ್ದು. ದೊಡ್ಡ ಮನೆತನದ ಹೆಣ್ಣಿಗೆ ಗಂಡು ನೋಡುವ ಹಾಗೆಯೇ ಈ ವೈನಿಗೆ ತಿನಿಸು ನೋಡಬೇಕು. ವಿನೆಗರ್ ಹಾಕಿದ ಸಲಾಡ್ ಜಗಳಗಂಟ, ಮನೆಯೊಳಗೆ ಬಿಡಲೇಬಾರದು. ಚಾಕೊಲೇಟ್ ಬಂದರೆ ಸಂಸಾರ ಎರಡೇ ಗುಟುಕಿಗೆ ಮುರಿಯುತ್ತದೆ. ಮೇಕೆ ಹಾಲಿನ ಚೀಸ್ ಪರವಾಗಿಲ್ಲ, ಹಳ್ಳಿಯ ಹುಡುಗನಾದರೂ ಗುಣವಂತ. ಕೆನೆಯಲ್ಲಿ ಬೇಯಿಸಿದ ಕೋಳಿ ಒಳ್ಳೆಯ ಸಂಬಂಧ. ಆದರೆ ಲ್ವಾರ್ ನದಿಯ ಸಾಂದ್ರ್ ಮೀನು, ಅದರ ಮೇಲೆ ಬಿಳಿ ಬೆಣ್ಣೆಯ ಸಾಸು, ಅದು ಸ್ವರ್ಗದಲ್ಲೇ ನಿಶ್ಚಯವಾದ ಜೋಡಿ. ಬೇರೆ ಯಾವ ಪಾನೀಯವನ್ನೂ ಆ ಮೀನಿನ ಹತ್ತಿರ ಸುಳಿಯಗೊಡಬಾರದು ಎಂದು ಮಂಡಲಿಯ ಪ್ರತಿಜ್ಞೆಯಲ್ಲೇ ಇದೆ.

ಉಳಿದದ್ದು ನೆನೆದ ಕಲ್ಲು. ಆ ಕುರ್ಚಿಗಾಗಿ ನಡೆಯುವ ರುಚಿ ಪರೀಕ್ಷೆ ಜನವರಿಯಲ್ಲಿ, ದ್ರಾಕ್ಷಿ ಬೆಳೆಗಾರರನ್ನು ಕಾಯುವ ಸಂತ ವ್ಯಾನ್ಸಾಂನ ಹಬ್ಬದ ದಿನ. ಅದಕ್ಕೆ ಮುಂಚಿನ ವಾರ ಒಳ್ಳೆಯ ಮಳೆ ಹಿಡಿಯಿತು. ಇಂಥ ಅವಕಾಶ ಬಿಡುವುದುಂಟೆ? ದ್ರಾಕ್ಷಿತೋಟದ ದಿಬ್ಬಕ್ಕೆ ಹೋಗಿ, ಮೊಣಕಾಲೂರಿ, ಕಲ್ಲುಗಳನ್ನು ಒಂದೊಂದಾಗಿ ಮೂಸಿದೆ. ಮೂಸಿ ತೃಪ್ತಿಯಾಗದೆ ಕೆಲವನ್ನು ನೆಕ್ಕಿಯೂ ನೋಡಿದೆ. ದಾರಿಯಲ್ಲಿ ಹೋಗುತ್ತಿದ್ದ ಪಾದ್ರಿಗಳು ಕೊಡೆ ಓರೆಮಾಡಿ ನೋಡಿ, ಏನನ್ನೂ ಕೇಳದೆ ಆಶೀರ್ವದಿಸಿ ಹೋದರು.

ಮರುದಿನ ನನ್ನ ಮೂಗು ಕಟ್ಟಿತು. ಕಟ್ಟಿತು ಎಂದರೆ ಸಾಮಾನ್ಯ ಕಟ್ಟುವುದಲ್ಲ, ಇಟ್ಟಿಗೆ ಗಾರೆ ಹಾಕಿ ಕಟ್ಟಿದ ಹಾಗೆ. ಸೊಲಾಂಜ್ ಬೆಳ್ಳುಳ್ಳಿ ಜಜ್ಜಿ ಹಿಡಿದಳು, ಗೊತ್ತಾಗಲಿಲ್ಲ. ಎಷ್ಟೋ ದಿನದ ಗಬ್ಬು ಚೀಸ್ ಹಿಡಿದಳು, ಅದನ್ನು ನಾನು ಬೆಣ್ಣೆಯೆಂದು ಬ್ರೆಡ್ಡಿಗೆ ಸವರಿಕೊಂಡೆ.

“ಕಲ್ಲು ನೆಕ್ಕೋಕೆ ಯಾರ್ ಹೇಳಿದ್ರು ನಿಮಗೆ?”

“ಕಲ್ಲಿನ ಪರಿಮಳ ಅಂತ ಹೇಳಿದ್ದು ನೀನೇ!”

“ಹೂವಿನ ಪರಿಮಳ ಅಂತಾನೂ ಹೇಳಿದ್ದೆ, ಹೋಗಿ ಮರ ಹತ್ತಿದ್ರಾ? ಸುಮ್ನೆ ಒಕ್ತಾವ್ ಅವರಿಗೆ ನೆಗಡಿ ಅಂತ ಹೇಳಿ ಬಿಟ್ಬಿಡಿ.”

“ನೆಗಡಿ ಅಂದ್ರೆ ನಿಮ್ಮಮ್ಮ ಏನಂತಾರೆ ಗೊತ್ತಾ? ಸೈಡರ್ ಕುಡಿಯೋರಿಗೆ ಮೂಗು ಇದ್ರೂ ಒಂದೇ ಇಲ್ದಿದ್ರೂ ಒಂದೇ ಅಂತಾರೆ.”

ಅತ್ತೆ ಹಾಗೆ ಅನ್ನುತ್ತಾರೆಂದು ಅವಳಿಗೂ ಗೊತ್ತು. ಕೊನೆಗೆ ಉಪಾಯ ಹೊಳೆದದ್ದು ನನಗೇ. ಪರೀಕ್ಷೆಯಲ್ಲಿ ಗಂಡಹೆಂಡಿರನ್ನು ಅಕ್ಕಪಕ್ಕ ಕೂರಿಸಿ ಇಬ್ಬರಿಗೂ ಲೋಟ ಕೊಡುವುದು ಪದ್ಧತಿ. ಹೆಂಡತಿ ಬಾಯಿ ಬಿಟ್ಟರೆ ಮಾತ್ರ ಗಂಡ ವಜಾ. (ಈ ನಿಯಮವನ್ನು ಮನೆಗೂ ವಿಸ್ತರಿಸಬಹುದೇ ಎಂದು ಸದಸ್ಯರೊಬ್ಬರನ್ನು ಗುಟ್ಟಾಗಿ ಕೇಳಿದೆ. ಅವರು ನಿಟ್ಟುಸಿರು ಬಿಟ್ಟರು.) ಬಾಯಿ ಬಿಡಬಾರದು ಎಂದಿದೆಯೇ ಹೊರತು ಕಾಲು ಆಡಿಸಬಾರದು ಎಂದಿಲ್ಲವಲ್ಲ! ನಾನು ಆಂಜೆ ಪಟ್ಟಣದಲ್ಲಿ ಕಾರು ಓಡಿಸಲು ಕಲಿಸುವ ಮೇಷ್ಟ್ರು. ಶಿಷ್ಯರ ಪಕ್ಕ ಕೂತು ಕಾಲಲ್ಲೇ ಜೀವ ಉಳಿಸಿಕೊಂಡವನು. ಕಾಲಿನ ಭಾಷೆ ನನಗೆ ಹೊಸದಲ್ಲ.

“ಒಂದು ಒದೆ ಒದ್ರೆ ಹೂವು,” ಎಂದೆ. “ಎರಡು ಒದ್ರೆ ಮೇಣ. ಮೂರು ಒದ್ರೆ ಕಲ್ಲು. ಹಿಮ್ಮಡೀಲಿ ನನ್ನ ಕಾಲ್ಬೆರಳು ಮೆಟ್ಟಿದ್ರೆ ಹುರಿದ ಬಾದಾಮಿ.”

“ಇದೊಂದು ಉಪಾಯ ಚೆನ್ನಾಗಿದೆ,” ಎಂದಳು ಸೊಲಾಂಜ್, ಯಾಕೋ ಸ್ವಲ್ಪ ಹೆಚ್ಚೇ ಉತ್ಸಾಹದಿಂದ.

ಒಂದೇ ಒಂದು ಸಂಜ್ಞೆ ಗೊತ್ತುಮಾಡುವುದನ್ನು ನಾವು ಮರೆತೆವು. ‘ಬಾಯಿ ಮುಚ್ಚಿ’ ಎನ್ನುವುದಕ್ಕೆ. ಇಷ್ಟು ವರ್ಷದ ಸಂಸಾರದಲ್ಲಿ ಅದನ್ನು ಹೇಳಲು ಅವಳಿಗೆ ಸಂಜ್ಞೆಯ ಅಗತ್ಯವೇ ಬಿದ್ದಿರಲಿಲ್ಲ.

ಹಬ್ಬದ ದಿನ ಸಭಾಂಗಣ ತುಂಬಿತ್ತು. ನಿಲುವಂಗಿಯವರೆಲ್ಲ ಸಾಲಾಗಿ ಕೂತಿದ್ದರು, ಖಾಲಿ ಕುರ್ಚಿಯ ಮೇಲೆ ಹೊಸ ನಿಲುವಂಗಿ ಮಡಿಚಿಟ್ಟಿತ್ತು. ಅತ್ತೆ ಎದುರಿಗೇ ಇದ್ದರು. ಹಳೆಯ ಮಹಾಗುರುವಿನ ಪತ್ನಿಯಾದ್ದರಿಂದ ಪರೀಕ್ಷೆಯ ಬಾಟಲಿ ಆರಿಸುವ ಗೌರವ ಅವರದು. ಬಾಟಲಿಗೆ ಬುಡದಿಂದ ಬಾಯಿಯವರೆಗೆ ಬಿಳಿ ಬಟ್ಟೆ ಸುತ್ತಿದ್ದರು. ಲೋಟಕ್ಕೆ ಬಂಗಾರದ ಬಣ್ಣ ಇಳಿಯಿತು. ನಾನು ಕೂತ ಗತ್ತಿಗೆ ಕಾಲರ್ ಬಿಗಿಯಾಯಿತು. ಲೋಟ ತಿರುಗಿಸಿದೆ, ಮೂಸಿದೆ. ಗಾರೆ ಗೋಡೆ ಅಲ್ಲಾಡಲಿಲ್ಲ. ಒಂದು ಗುಟುಕು ಕುಡಿದೆ. ಹುಳಿ, ಅದರ ಹಿಂದೆ ಸ್ವಲ್ಪ ಒಗರು. ಅಷ್ಟೇ.

ಪಕ್ಕದಲ್ಲಿ ಸೊಲಾಂಜ್ ತುಟಿಗೆ ಸೋಕಿಸಿ ಲೋಟವನ್ನು ಟಪ್ಪನೆ ಕೆಳಗಿಟ್ಟಳು. ಮರುಕ್ಷಣವೇ ನನ್ನ ಮೊಣಕಾಲ ಕೆಳಗೆ ಒಂದು ಒದೆ.

“ಆಹಾ!” ಎಂದೆ. “ಲಿಂಡನ್ ಹೂವು! ಬೇಸಿಗೆಯ ಸಂಜೆ ಇಡೀ ಮರವೇ ಮೈಮೇಲೆ ಬಾಗಿದ ಹಾಗೆ!”

ಒಕ್ತಾವ್ ಹುಬ್ಬು ಏರಿಸಿದರು. ಎರಡು ಒದೆ ಬಿದ್ದವು, ಜೋರಾಗಿ.

“ಜೇನುಮೇಣ! ಹಳೇ ಇಗರ್ಜಿಯ ಮೇಣದ ಬತ್ತಿಗಳು! ಎಂಥ ಮನೆತನ, ಎಂಥ ಗಾಂಭೀರ್ಯ!”

ಸಭೆಯಲ್ಲಿ ಪಿಸುಮಾತು ಎದ್ದಿತು. ನನಗೆ ಹುರುಪು ಬಂತು. ಸೊಲಾಂಜ್ ಈಗ ಎಣಿಸಲಾಗದಷ್ಟು ಒದೆಯತೊಡಗಿದಳು. ಮೂರೋ, ಆರೋ, ಒಂಬತ್ತೋ.

“ನೆನೆದ ಕಲ್ಲು! ಒಂದು ಕಲ್ಲಲ್ಲ ಮಹಾಗುರುಗಳೇ, ಕಲ್ಲುಗಳ ರಾಶಿ! ಬೆಟ್ಟ! ಪರ್ವತ ಶ್ರೇಣಿ!”

ಅವಳು ಕೆಮ್ಮಿದಳು. ನನ್ನ ನೆಗಡಿ ಅಂಟಿತೇನೋ ಎಂದುಕೊಂಡೆ. ಆಗ ಬಿತ್ತು ನೋಡಿ, ಅವಳ ಹಬ್ಬದ ಬೂಟಿನ ಹಿಮ್ಮಡಿ, ಪೂರಾ ಭಾರದ ಸಮೇತ, ನನ್ನ ಕಿರುಬೆರಳ ಮೇಲೆ. ಕಣ್ಣಲ್ಲಿ ನೀರು ಚಿಮ್ಮಿತು.

“ಹುರಿದ ಬಾದಾಮಿ!” ಎಂದು ನಾನು ಚೀರಿದೆ. “ಅಯ್ಯೋ ದೇವರೇ, ಹುರಿದ ಬಾದಾಮಿ!”

ಈಗ ಕೂತು ಯೋಚಿಸಿದರೆ ಎಲ್ಲವೂ ತಿಳಿಯುತ್ತದೆ. ಆಕೆ ಒತ್ತುತ್ತಿದ್ದದ್ದು ಬ್ರೇಕು. ನಾನು ಅದನ್ನು ಆಕ್ಸಿಲರೇಟರ್ ಎಂದುಕೊಂಡೆ. ಇದೇ ತಪ್ಪಿಗೆ ನಾನು ಎಷ್ಟು ಶಿಷ್ಯರನ್ನು ಫೇಲು ಮಾಡಿದ್ದೇನೋ!

“ಇದಕ್ಕೆ ತಕ್ಕ ಜೋಡಿ ಯಾವುದು?” ಎಂದು ಒಕ್ತಾವ್ ಮೆಲ್ಲನೆ ಕೇಳಿದರು. ಅವರ ಟೋಪಿಯ ಗರಿ ನಡುಗುತ್ತಿತ್ತು.

ನಾನು ಎದ್ದು ನಿಂತೆ. “ನಮ್ಮ ನದಿಯ ಸಾಂದ್ರ್ ಮೀನು, ಬಿಳಿ ಬೆಣ್ಣೆಯ ಸಾಸು! ಇದನ್ನು ಬಿಟ್ಟು ಇನ್ನೇನು ಕೊಟ್ಟರೂ ಈ ಮಹಾತಾಯಿಗೆ ಅವಮಾನ!”

ಚಪ್ಪಾಳೆ ಬರಲಿಲ್ಲ. ಎಲ್ಲರೂ ಅತ್ತೆಯ ಕಡೆ ನೋಡಿದರು. ಅತ್ತೆ ನಿಧಾನವಾಗಿ ಬಾಟಲಿಯ ಬಟ್ಟೆ ಬಿಚ್ಚಿದರು. ಕತ್ತಿನಲ್ಲಿ ಕೆಂಪು ರಿಬ್ಬನ್. ಕಟ್ಟಿದ ಗಂಟು ನಮ್ಮಮ್ಮನದು, ನಾನು ಎಲ್ಲಿದ್ದರೂ ಗುರುತು ಹಿಡಿಯುವಂಥದ್ದು. ಎಷ್ಟೋ ಕ್ರಿಸ್‌ಮಸ್‌ಗಳ ಹಿಂದಿನ ಸೈಡರ್! ನೆಲಮಾಳಿಗೆಯಲ್ಲಿ ಕೂತೂ ಕೂತೂ ಗುಳ್ಳೆಯೆಲ್ಲ ಆರಿ, ವೈನಿನ ಹಾಗೆ ತೆಪ್ಪಗೆ ನಿಂತಿತ್ತು.

“ಮಂಡಲಿಯ ಪದ್ಧತಿ ಅಪ್ಪಾ,” ಎಂದರು ಒಕ್ತಾವ್, ಕಣ್ಣೊರೆಸಿಕೊಳ್ಳುತ್ತ. ನಗುವಿನ ನೀರು ಅದು. “ಮೊದಲನೇ ಲೋಟ ಯಾವಾಗ್ಲೂ ಕಪಟದ್ದು. ಇದು ನಮ್ಮದಲ್ಲ ಅಂತ ಕೆಳಗಿಟ್ಟೋರು ಪಾಸು.”

ಇಡೀ ಸಭಾಂಗಣ ಬಿದ್ದುಬಿದ್ದು ನಕ್ಕಿತು. ನಗದೇ ಇದ್ದವರು ಒಬ್ಬರೇ, ನಮ್ಮ ಅತ್ತೆ. ಅವರು ನನ್ನ ತಲೆಯ ಮೇಲಿನ ಗೋಡೆಯನ್ನಲ್ಲ, ನೇರವಾಗಿ ನನ್ನ ಮುಖವನ್ನೇ ನೋಡುತ್ತಿದ್ದರು.

“ಯಾವ್ಯಾವುದೋ ಊರಿನ ವೈನ್ ಇಡೋಣ ಅಂದ್ರು ಇವರೆಲ್ಲ,” ಎಂದರು. “ಬೇಡ, ಪಾಪ, ಕಷ್ಟ ಆಗತ್ತೆ ಅಂದೆ. ಇದಾದ್ರೆ ಕಣ್ಮುಚ್ಚಿಕೊಂಡು ಹೇಳ್ತಾರೆ, ಹುಟ್ಟಿದೂರಿನ ರುಚಿ ಯಾರಾದ್ರೂ ಮರೀತಾರಾ ಅಂದೆ. ನೀವು ಪಾಸಾಗಲಿ ಅಂತ ನಾನೇ ಹುಡುಕಿ ತಂದೆ, ಫಿರ್ಮಾಂ.”

ಹೆಸರು ಹಿಡಿದು ಕರೆದರು! ಅದನ್ನು ಕೇಳಬೇಕೆಂದು ನಾನು ಎಷ್ಟು ವರ್ಷ ಕಾದಿದ್ದೆ, ಈಗ ಕೇಳಿ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ನೆಗಡಿ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಿಜವಾಗಿಯೂ ನಾಚಿಕೆಯಾಯಿತು.

ನಿಯಮದ ಪ್ರಕಾರ ಲೋಟ ಕೆಳಗಿಟ್ಟವರು ಪಾಸು ತಾನೇ? ಟಪ್ಪನೆ ಕೆಳಗಿಟ್ಟವಳು ಸೊಲಾಂಜ್. ಮಾತೂ ಆಡಿರಲಿಲ್ಲ. ಹೆಂಗಸರು ಇರಬಾರದೆಂದು ಎಲ್ಲೂ ಬರೆದಿಲ್ಲ, ಯಾರಿಗೂ ಇದುವರೆಗೆ ಹೊಳೆದಿರಲಿಲ್ಲ ಅಷ್ಟೇ. ನಿಲುವಂಗಿ ಅವಳ ಹೆಗಲೇರಿತು, ದ್ರಾಕ್ಷಿಬಳ್ಳಿಯ ಬೇರಿನಿಂದ ಭುಜ ತಟ್ಟಿ ಅವಳನ್ನು ವೀರವನಿತೆಯನ್ನಾಗಿ ಮಾಡಿದರು. ನಾನು ಕುಂಟಿಕೊಂಡು ಹೋಗಿ ಅವಳ ಕೋಟು ಹಿಡಿದು ನಿಂತೆ. ಆಮೇಲೆ ಸಾಂದ್ರ್ ಮೀನು ಬಂತು. ನಾನೇ ಹೇಳಿದ ಜೋಡಿಯನ್ನು ನಾನೇ ತೀರಿಸಬೇಕೆಂದು ಆಜ್ಞೆಯಾಗಿ, ಎಲ್ಲರೂ ಬಂಗಾರದ ಗುಟುಕು ಹೀರುತ್ತಿದ್ದಾಗ ನನ್ನ ಮುಂದೆ ಕೆಂಪು ರಿಬ್ಬನ್ನಿನ ಬಾಟಲಿ ಇಟ್ಟರು.

ಮುಂದಿನ ಭಾನುವಾರ ಮಂಡಲಿಯ ಮೆರವಣಿಗೆ. ಸದಸ್ಯರ ನಿಲುವಂಗಿಗೆ ಇಸ್ತ್ರಿ ಹಾಕುವುದು ಮನೆಯವರ ಕರ್ತವ್ಯವಂತೆ. ಇಷ್ಟು ದಿನ ಹೆಂಡತಿಯರು ಹಾಕುತ್ತಿದ್ದರು.

“ಮಖಮಲ್ಲು ರೀ, ಹುಷಾರು,” ಎಂದು ಸೊಲಾಂಜ್ ಅಡುಗೆಮನೆಯಿಂದ ಕೂಗಿದಳು. ಅತ್ತೆಯೂ ಅಲ್ಲೇ ಕೂತಿದ್ದರು. “ಮೇಲೊಂದು ಒದ್ದೆ ಬಟ್ಟೆ ಹಾಕಿ. ಇಸ್ತ್ರಿ ಪೆಟ್ಟಿಗೇನ ಒಂದೇ ಕಡೆ ನಿಲ್ಲಿಸಬೇಡಿ!”

“ಗೊತ್ತು ಕಣೇ,” ಎಂದೆ. ಆ ಕ್ಷಣದಲ್ಲೇ ನನ್ನ ತಲೆಯೊಳಗೆ ಪಟ್ಟೆಂದು ಏನೋ ಬಿಚ್ಚಿಕೊಂಡಿತು. ಅಡುಗೆಮನೆಯಿಂದ ತೇಲಿ ಬಂತು, ಲಿಂಡನ್ ಕಷಾಯದ ಕಂಪು! ನನ್ನ ಮೂಗು! ಕಣ್ಣು ಮುಚ್ಚಿ ಆಳವಾಗಿ ಉಸಿರೆಳೆದೆ. ಬೆಳಿಗ್ಗೆ ಪಾಲಿಶ್ ಹಾಕಿ ಉಜ್ಜಿದ ಮರದ ನೆಲದಿಂದ ಜೇನುಮೇಣ. ಕಿಟಕಿಯಾಚೆ ಮಳೆ ಹನಿಯುತ್ತಿತ್ತು, ಹೊಸ್ತಿಲಿನಿಂದ ನೆನೆದ ಕಲ್ಲು. ಒಂದರ ಹಿಂದೊಂದು, ಸೊಲಾಂಜ್ ಹೇಳಿಕೊಟ್ಟ ಕ್ರಮದಲ್ಲೇ! ಇನ್ನೊಂದು ಬಾಕಿಯಿದೆ, ಅದೂ ಬರಲಿ ಎಂದು ಅಲ್ಲಾಡದೆ ನಿಂತೆ. ಬಂತು. ಬೆಚ್ಚಗೆ, ತುಸು ಕಹಿಯಾಗಿ, ದಟ್ಟವಾಗಿ ಬಂತು.

“ರೀ!” ಸೊಲಾಂಜ್ ಕೂಗಿದಳು. “ಅದೇನ್ರೀ ವಾಸನೆ?”

“ಸಿಕ್ತು ಸೊಲಾಂಜ್!” ಎಂದು ಕಣ್ಣು ಮುಚ್ಚಿಕೊಂಡೇ ಆನಂದದಿಂದ ಕೂಗಿದೆ. “ಅತ್ತೆಯವರಿಗೂ ಹೇಳು, ಸಿಕ್ತು! ಹುರಿದ ಬಾದಾಮಿ!”